ಎಡಗೈ ಕೋವಿ

ಅಜ್ಜನ ಕೋವಿಯ ಹಿಡಿ ಅಜ್ಜನ ಕೆನ್ನೆಗೆ ಸವೆದದ್ದು,
ನನ್ನ ಎಡಗೆನ್ನೆ ಅಲ್ಲಿ ಕೂರಲಿಲ್ಲ.
ಮಾಡಿಸಿದೆ ಹೊಸತು, ಎರಡು ವರ್ಷ ಕಾದು:
ಬೀಟೆಮರದ ಹಿಂಗಟ್ಟು, ಎಡಕ್ಕೆ ಬೋಲ್ಟು.
ಪೊನ್ನಂಪೇಟೆಯ ಆಚಾರಿ ಮೂರು ಸಲ ಅಳೆದ
ನನ್ನ ತೋಳು, ಕುತ್ತಿಗೆ,
ರವಿಕೆ ಹೊಲಿಯುವವನ ಹಾಗೆ.

ಆಚೆ ಬಾಣೆಯ ಮಣ್ಣುದಿಬ್ಬಕ್ಕೆ ಒರಗಿಸಿದ
ಟಿಲ್ಲರಿನ ಹಳೆ ತಟ್ಟೆ. ಆರುನೂರು ಗಜ.
ಸಿಲ್ವರ್ ಓಕಿನೆಲೆ ಬೆಳ್ಳಿಬೆನ್ನು ತೋರಿದರೆ
ಎರಡು ಕ್ಲಿಕ್ಕು.
ಒತ್ತಿದೆ.
ಭುಜ ನೋಯಲು ಶುರುವಾದ ಮೇಲೆ,
ಯಾರದೋ ಮನೆಯದೆಂಬಂತೆ,
ಟಣ್.

ಪಳಂಗಪ್ಪ ಮಾವ ನಕ್ಕ: "ಇದೇನು ಬೇಟೆ?
ಹಂದಿಯ ನಾತ ಮೂಗಿಗೆ ಬಡೀಬೇಕು, ಮೂಳೆ."
"ಬೇಟೆ ಎಲ್ಲಿದೆ ಈಗ, ಮಾವ? ಕಾನೂನು."
"ಕಾನೂನು," ಎಂದ, ಕನ್ನಡಕ ಜೇಬಿಗಿಟ್ಟು
ಹುಲ್ಲಿನ ಮೇಲೆ ಬೋರಲಾದ.
ಗುಂಡು ತೆಗೆದು ಕೊಟ್ಟೆ.

ತಟ್ಟೆ ನೋಡಲಿಲ್ಲ ಅವನು.
ಕಾಪಿತೋಟ ದಾಟಿ, ತೋಡು ದಾಟಿ
ದುರ್ಬೀನು ಮೆಲ್ಲಗೆ ಹತ್ತಿತು ಕರಿಬಂಡೆಗೆ:
ಅರವತ್ತೆಂಟರಲ್ಲಿ ಅವನ ಏಟಿಗೆ ಸಿಗದ ಕಡವೆ
ನಿಂತಿದ್ದ ಜಾಗ.
ಇರುವೆಯೊಂದು ಅವನ ಕಿವಿ ಸುತ್ತಿ ಇಳಿಯಿತು.

"ಗಾಳಿ ಬಲಕ್ಕಿತ್ತು," ಎಂದ ಕಡೆಗೆ,
ಅವತ್ತಿನ ಗಾಳಿ.

ಎಬ್ಬಿಸಲು ಇಬ್ಬರು ಬೇಕಾಯಿತು.