ಅಳತೆ ಪುಸ್ತಕ

ಸೂರ್ ಪೇಟೆಯಲ್ಲಿ ಮಧ್ಯಾಹ್ನ ಒಂದಕ್ಕೆ
ಶಟರು ಅರ್ಧ ಇಳಿಯುತ್ತದೆ.
ಕಡಲಿಗೂ ನಿದ್ದೆ, ಮೀನುಗಾಡಿಯ ಬೆಕ್ಕಿಗೂ.
ಕತ್ತರಿ ಒರೆಸಿಟ್ಟು, ಡಬ್ಬಿ ಬಿಚ್ಚಿ
ಬಂಗುಡೆಯ ಮುಳ್ಳು ಬಿಡಿಸುತ್ತಿದ್ದೆ.
ದಿಶ್ದಾಶದ ಬಿಳಿ ತುಂಡುಗಳ ಅಡಿಯಲ್ಲಿ
ಫೋನು ನಡುಗಿತು,
ಮಗುಚಿಬಿದ್ದ ಜೀರುಂಡೆಯ ಹಾಗೆ.

‘ನಾವು ಬ್ಯಾಂಕಿನವರು,’ ಹಿಂದಿಯಲ್ಲಿ.
‘ನಿಮ್ಮ ಕಾರ್ಡು ಸತ್ತಿದೆ.’
ಕಾರ್ಡು ಸಾಯುತ್ತದೆಂದು ನನಗೆ ಗೊತ್ತಿರಲಿಲ್ಲ.
‘ಹತ್ತು ನಿಮಿಷದೊಳಗೆ ಬದುಕಿಸಬಹುದು.
ಈಗ ಬರುವ ಆರು ಅಂಕಿ ಹೇಳಿ, ಸಾಕು.’

ಹತ್ತು ನಿಮಿಷ.
ದೇಜಪ್ಪನಿಗೂ ಕೊಟ್ಟದ್ದು ಅಷ್ಟೇ.
ಯಾರದೋ ಮನೆಯ ಎಸಿ ಬಿಚ್ಚುತ್ತಾ
ಏಣಿಯ ಮೇಲೆ ನಿಂತೇ ಹೇಳಿಬಿಟ್ಟ.
ಕೆಳಗಿಳಿಯುವಷ್ಟರಲ್ಲಿ ಆರುನೂರ ಹನ್ನೆರಡು ರಿಯಾಲು,
ತಂಗಿಯ ಕಿವಿಯ ಆಪರೇಷನ್ನು,
ಹೋಗಿತ್ತು.
ಠಾಣೆಗೆ ಹೋಗೋಣ ಅಂದರೆ ಬರಲಿಲ್ಲ.
‘ದಡ್ಡ ಅಂತ ಬರೆದುಕೊಳ್ತಾರೆ’ ಅಂದ.
ಈಗಲೂ ಯಾರ ಫೋನು ಬಡಿದರೂ
ಮೊದಲು ಜೇಬು ಮುಟ್ಟಿಕೊಳ್ಳುತ್ತಾನೆ.

ಬಂತು ಆರು ಅಂಕಿ.
ಅದರ ಕೆಳಗೇ ಬರೆದಿತ್ತು, ಯಾರಿಗೂ ಹೇಳಬೇಡಿ.
ಹೇಳದಿರುವುದನ್ನು ದರ್ಜಿಗೆ ಯಾರು ಕಲಿಸಬೇಕು?
ಇಪ್ಪತ್ತೆರಡು ವರ್ಷದ ಈ ಅಳತೆ ಪುಸ್ತಕ
ಯಾರ ಹೊಟ್ಟೆ ಯಾವ ಈದಿಗೆ ಎಷ್ಟು ಬೆಳೆಯಿತೆಂದು,
ಯಾರ ಎಡತೋಳು ಬಲಕ್ಕಿಂತ ಇಂಚು ಗಿಡ್ಡವೆಂದು
ಒಡಹುಟ್ಟಿದವನಿಗೂ ಹೇಳಿದ್ದಿಲ್ಲ.

ಕೊಟ್ಟೆ. ನನ್ನ ಮೈಯ ಅಳತೆ ಕೊಟ್ಟೆ.
ಕುತ್ತಿಗೆ ಹದಿನೈದು, ಭುಜ ಹದಿನೇಳು, ಎದೆ ಮೂವತ್ತಾರು.
‘ತಪ್ಪು ಸರ್, ಇನ್ನೊಮ್ಮೆ.’
ಸೊಂಟ ಮೂವತ್ತನಾಲ್ಕು, ತೋಳು ಇಪ್ಪತ್ತಮೂರು, ಉದ್ದ ಐವತ್ತಾರು.
‘ಸರಿಯಾಗಿ ನೋಡಿ ಸರ್, ನಾಲ್ಕೇ ನಿಮಿಷ.’
ಆಮೇಲೆ ನಾನು ಇಲ್ಲಿಗೆ ಬಂದಿಳಿದಾಗಿನದು:
ಎದೆ ಮೂವತ್ತೆರಡು, ಸೊಂಟ ಇಪ್ಪತ್ತೆಂಟು,
ಕುತ್ತಿಗೆ, ಕೋಳಿಯದರಂತೆ, ಹದಿನಾಲ್ಕು.

ಆ ಕಡೆ ಕೀಲಿಮಣೆ ಟಕಟಕ.
ಆಮೇಲೆ, ತನ್ನಷ್ಟಕ್ಕೆ, ಉಸಿರಿನಲ್ಲಿ:
‘ಇದೂ ಆತಿಲ್ಲೆ ಕಾಣ್...’

ಮುಳ್ಳು ಗಂಟಲಲ್ಲಿ ನಿಂತಿತು.
‘ಹ್ವಾಯ್,’ ಅಂದೆ, ‘ಊರ್ ಎಲ್ಲಾಯ್ತ್?’

ಮೌನ. ಅವನ ಬೆನ್ನ ಹಿಂದೆ
ನೂರು ಬಾಯಿಗಳು, ನಾವು ಬ್ಯಾಂಕಿನವರು,
ನಾವು ಪೊಲೀಸರು, ನಾವು ಬ್ಯಾಂಕಿನವರು.
ಯಾರೋ ಗದರಿದರು, ಗೊತ್ತಿಲ್ಲದ ಭಾಷೆಯಲ್ಲಿ.
‘ಊಟ ಆಯ್ತಾ?’ ಕೇಳಿದ, ತೀರ ಸಣ್ಣಗೆ.
‘ಆತಾ ಇತ್ತ್. ಬಂಗ್ಡಿ.’
ಒಂದು ಉಸಿರು ಎಳೆದುಕೊಂಡದ್ದು ಕೇಳಿಸಿತು.
ಮತ್ತೆ ಹಿಂದಿ, ಜೋರಾಗಿ:
‘ಸರ್, ಆ ಆರು ಅಂಕಿ.’

ದೇಜಪ್ಪನಿಗೆ ಇದನ್ನು ಹೇಳಿಲ್ಲ,
ಆಗ, ಆಗ ಮಾತ್ರ, ಅಂಕಿ ನಾಲಿಗೆಯ ತುದಿಯಲ್ಲಿತ್ತು.
ಬೆದರಿಕೆಗೆ ಬಿಚ್ಚದ ಗಂಟು
ಮೂರು ಮಾತಿನ ಊರಿಗೆ ಸಡಿಲವಾಗಿತ್ತು.
ಆ ಮಾತು ಜಾರಿದ್ದೋ?
ಗಾಳಕ್ಕೆ ಸಿಕ್ಕಿಸಿ ಎಸೆದದ್ದೋ?
ಅವನನ್ನು ಕೂಡಿಹಾಕಿದ್ದಾರೋ,
ಅವನೇ ನೂರು ಜನರನ್ನು ಕೂಡಿಹಾಕಿದ್ದಾನೋ?
ಫೋನಿನಲ್ಲಿ ಯಾರ ಅಳತೆಯೂ ಸಿಗುವುದಿಲ್ಲ.

ಕರೆ ಕತ್ತರಿಸಿದೆ.
ಕಾರ್ಡಿನ ಬೆನ್ನ ಮೇಲಿದ್ದ ನಂಬರಿಗೆ ನಾನೇ ಮಾಡಿದೆ.
ಕಾರ್ಡು ಸತ್ತಿಲ್ಲ ಅಂದರು, ಈಗ ಸಾಯಿಸುತ್ತೇವೆ,
ಹೊಸದು ಭಾನುವಾರ ಬರುತ್ತದೆ.

ಬಂಗುಡೆ ಆರಿತ್ತು. ಬೆಕ್ಕಿಗೆ ಹಾಕಿದೆ.

ರಾತ್ರಿ ದೇಜಪ್ಪ ಆ ನಂಬರು ನೋಡಿದ.
‘ನನಗೆ ಮಾಡಿದವನದಲ್ಲ,’ ಅಂದ. ಆದರೂ ಬರೆದುಕೊಂಡ.
ದೀಪ ಆರಿಸಿದ ಮೇಲೆ, ಮೇಲಿನ ಮಂಚದಿಂದ:
‘ನಾಳೆ ಠಾಣೆ ಎಷ್ಟು ಗಂಟೆಗೆ ತೆಗೀತದೆ?’

ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ಗಿರಾಕಿ ಇದ್ದಾನೆ.
ಹೆಸರು ಗೊತ್ತಿಲ್ಲ.
ಊರು, ಕುಂದಾಪ್ರದ ಆಚೀಚೆ. ಇರಬಹುದು.
ಕುತ್ತಿಗೆಯ ಮುಂದೆ ಖಾಲಿ ಬಿಟ್ಟಿದ್ದೇನೆ.