ನೀರು ಹೊರಗೆ

ಕಲಾಯಿ ಮರ್ದಾನಸಾಬನ ಮಗಳು ನಾನು, ದಾವಲಬಿ.
ಭಾಗ್ಯನಗರದ ರೈಲ್ವೆ ಗೇಟಿನ ಹತ್ತಿರ ಅಪ್ಪನ ತಿದಿ,
ಒಂದು ಇಕ್ಕಳ, ನವಸಾಗರದ ಬಿಳಿ ಹೊಗೆ,
ತೂತು ಬಿದ್ದ ಕೊಡಗಳ ಸಾಲು.
ಬೆಸೆದ ಮೇಲೆ ಕೊಡಕ್ಕೆ ನೀರು ತುಂಬಿ
ಹೊರಮೈಗೆ ಬೂದಿ ಬಳಿದು ಬೀಡಿ ಹಚ್ಚುತ್ತಿದ್ದ.
ಬೀಡಿ ಮುಗಿಯುವ ತನಕ ಬೂದಿ ಒದ್ದೆಯಾಗದಿದ್ದರೆ
ಕೊಡ ಪಾಸು.

ಐಟಿಐನಲ್ಲಿ ಹೊಲಿಗೆ ಟ್ರೇಡಿನ ಕಡೆ ಕೈ ತೋರಿಸಿದರು.
ವೆಲ್ಡಿಂಗೂ ಹೊಲಿಗೆಯೇ ಎಂದೆ.

ಗಿಣಿಗೇರಿಯ ಶೆಡ್ಡಿನಲ್ಲಿ ಈಗ
ನನ್ನದು ತಿರುಗಾಮುರುಗಾ ಕೊಡ:
ನೀರು ಹೊರಗೆ, ಮನುಷ್ಯರು ಒಳಗೆ.
ನೀರೆಂದರೆ ಹಿರೇಹಳ್ಳದ ಮೊಣಕಾಲುದ್ದದ್ದಲ್ಲ,
ಮುನಿರಾಬಾದಿನ ಡ್ಯಾಮನ್ನು ಒಂದರ ಮೇಲೊಂದು
ಆರು ಸಲ ನಿಲ್ಲಿಸಿದಷ್ಟು ಆಳವಂತೆ.
ನಾನು ಕಂಡ ಸಾಗರ ಒಂದೇ,
ಅಪ್ಪನ ಡಬ್ಬಿಯ ನವಸಾಗರ.
ಕೈಗೆ ಕೊಟ್ಟದ್ದು ಒಂದು ಡ್ರಾಯಿಂಗು,
ಅದರಲ್ಲೊಂದು ಉಂಗುರ, ಉಂಗುರಕ್ಕೊಂದು ನಂಬರು.
ಯಾವ ಹಡಗು, ಯಾವಾಗ ಮುಳುಗುತ್ತದೆ
(ಮುಳುಗುವುದೇ ಅದರ ಕೆಲಸ ಎಂದು ನಕ್ಕರು)
ಯಾರೂ ಹೇಳುವುದಿಲ್ಲ.
ಮೊಬೈಲು ಗೇಟಿನಲ್ಲೇ ಇಟ್ಟು ಬರುತ್ತೇವೆ.

ಫೋರ್ಮನ್ ದೇವೇಂದ್ರಪ್ಪ ಕಮ್ಮಾರರು ಇರಕಲ್ಲಗಡದವರು.
ಅವರಜ್ಜ ಬಂಡಿಗಾಲಿಗೆ ಕೆಂಪಗೆ ಕಾಸಿದ ಹಳಿ ತೊಡಿಸುತ್ತಿದ್ದನಂತೆ.
"ಗಾಲಿ ಒಂದೆಳಿ ಸೊಟ್ಟಾದ್ರ ಎತ್ತು ತಡಕೊಂತೈತಿ,
ಇದು ಸೊಟ್ಟಾದ್ರ ಸಮುದ್ರ ತಡಕೊಳ್ಳಂಗಿಲ್ಲವ್ವ"
ಎನ್ನುತ್ತ ದುಂಡು ಅಳೆಯುತ್ತಾರೆ, ಮುಂಜಾನೆ ಒಮ್ಮೆ,
ಮೇಲಿನ ತಗಡು ಕಾದು ಚಟಚಟ ಎಂದಾಗ ಇನ್ನೊಮ್ಮೆ.

ರಾಡುಗಳನ್ನು ಒಲೆಯಲ್ಲಿಟ್ಟು ಹುರಿಯುತ್ತೇವೆ, ಹುಣಸೆ ಬೀಜದ ಹಾಗೆ.
ಗಾಳಿಯ ಪಸೆಯೂ ಉಳಿಯಬಾರದು.
ಕೊಪ್ಪಳದ ಏಪ್ರಿಲ್‌ನಲ್ಲಿ, ನಾಲಿಗೆ ಅಂಗಳಕ್ಕೆ ಅಂಟುವ ಹೊತ್ತಿನಲ್ಲಿ
ನಾವು ಹೆದರುವುದು ಪಸೆಗೆ!
ಬೆವರ ಹನಿ ಸೀಮಿಗೆ ಬೀಳದ ಹಾಗೆ
ಅಮ್ಮನ ಹಳೇ ಇಳಕಲ್ ಸೀರೆಯ ಚೂರು ಹಣೆಗೆ ಕಟ್ಟಿದ್ದೇನೆ.

ಬೆಸೆಯುವುದು ಎರಡು ಗಂಟೆ.
ಕಾಯುವುದು ಎರಡು ದಿನ.
ಬಿರುಕು ಬೆಂಕಿಯಲ್ಲಿ ಬರುವುದಿಲ್ಲ.
ತಣ್ಣಗಾದ ಮೇಲೆ, ಎಲ್ಲರೂ ಮನೆಗೆ ಹೋದ ಮೇಲೆ,
ಕಬ್ಬಿಣ ಒಳಗೊಳಗೇ ಯೋಚಿಸಿ ಸೀಳುತ್ತದೆ.

ಮೂರನೆಯ ರಾತ್ರಿ ಸುತ್ತ ಹಗ್ಗ ಕಟ್ಟಿ, ಕೆಂಪು ದೀಪ ಹಚ್ಚಿ,
ನಮ್ಮನ್ನೆಲ್ಲ ದೂರ ಕಳಿಸಿ ಎಕ್ಸ್‌-ರೇ ತೆಗೆಯುತ್ತಾರೆ.
ಹೋದ ತಿಂಗಳ ಫಿಲ್ಮಿನಲ್ಲಿ ಒಂದು ಕೂದಲು.
ನಾಲ್ಕು ಮಿಲಿಮೀಟರ್. ನನ್ನದು.
ಕೂಲಿಗೆ ಕೂದಲು ಆರಿಸುವ ಅಮ್ಮನ ಮಗಳಿಗೆ
ಕೂದಲು ತೋರಿಸಿಕೊಡಬೇಕೆ?
ಯಾರೂ ಬೈಯಲಿಲ್ಲ. ಅದೇ ಕಷ್ಟವಾಯಿತು.
ಕೆತ್ತಿ ತೆಗೆದೆ, ಹೊಳೆಯುವ ತನಕ ಉಜ್ಜಿದೆ,
ಮತ್ತೆ ಕಾಸಿ, ಮತ್ತೆ ಬೆಸೆದೆ.
ಈ ಸಲವೂ ಬಿಟ್ಟರೆ ಇಡೀ ಉಂಗುರ ಗುಜರಿಗೆ.

"ಬೂದಿ ಬಳದು ನೋಡಿದ್ರೇನು?" ಅಪ್ಪ ಕೇಳಿದ.
"ಅಷ್ಟು ನೀರು ಎಲ್ಲಿಂದ ತರಲಪ್ಪ?"
ಅವನು ಯಾರದೋ ಮದುವೆಯ ತಂಬಿಗೆಗೆ
ಚುಕ್ಕಿ ಚುಕ್ಕಿ ಹೆಸರು ಹೊಡೆಯುತ್ತಿದ್ದ.
ನಲವತ್ತು ವರ್ಷ ಊರವರನ್ನೆಲ್ಲ ಪಾತ್ರೆಗಳ ಮೇಲೆ ಬರೆದವನು
ತನ್ನ ಹೆಸರನ್ನು ಒಂದು ಲೋಟಕ್ಕೂ ಹೊಡೆದುಕೊಂಡಿಲ್ಲ.

ಏನೂ ಇಲ್ಲದ ಫಿಲ್ಮು ಬಂತು.
ಕಮ್ಮಾರರು ಮಾತಿಲ್ಲದೆ ಪಂಚು ಕೈಗಿಟ್ಟರು.
ಹೆಸರಿಲ್ಲ, ಬೆಸೆದವರ ನಂಬರು ಮಾತ್ರ.
ಅದಕ್ಕೂ ಗೆರೆ ಕೊರೆಯಬಾರದು, ಗೆರೆಯಿಂದ ಬಿರುಕು ಹುಟ್ಟುತ್ತದೆ,
ಚುಕ್ಕಿಯೇ ಆಗಬೇಕು.
ಹೊಡೆದೆ. ೪೭.
ಅಪ್ಪನ ಕೈಬರಹವೇ ಬಂತು.

ಉಂಗುರ ಹೊತ್ತ ಲಾರಿ ಹೊರಟ ದಿನ
ನಮ್ಮ ಗೇಟು ಹಾಕಿತ್ತಂತೆ, ಗೂಡ್ಸು ದಾಟುವವರೆಗೆ.
ಅಪ್ಪ ತಿದಿ ಬಿಟ್ಟೆದ್ದು ಹೋಗಿ
ತಾಡಪಾಲಿನ ಅಂಚು ಸರಿಸಿ
ಬೆರಳ ಗೆಣ್ಣಿನಿಂದ ಒಮ್ಮೆ ಕುಟ್ಟಿ
ಕಿವಿ ಕೊಟ್ಟನಂತೆ. ಡ್ರೈವರ್ ಬೈದನಂತೆ.

ರಾತ್ರಿ ಉಣ್ಣುವಾಗ ಹೇಳಿದ:
"ದನಿ ಖರೇ ಐತಿ."
ರೊಟ್ಟಿ ಮುರಿದ.