ಮೂಡ್ ಎಂಬ ಕಾಲಮ್ಮಿನಲ್ಲಿ

ರಾತ್ರಿ ಪಾಳಿಯ ಕೊನೆಗೆ ಪ್ರತಿ ಹಾಸಿಗೆಗೂ ಒಂದು ಹಾಳೆ.
ನೀರು ಎಷ್ಟು ಕುಡಿದರು, ಎಷ್ಟು ಸಲ ಎದ್ದರು,
ಕಟ್ಟಕಡೆಗೆ ಬೆರಳಗಲದ ಕಾಲಮ್ಮು: ಮೂಡ್.
ಒಂದೇ ಒಂದು ಪದ ಹಿಡಿಸುವಷ್ಟು ಜಾಗ.

ಟಾಡ್‌ಮರ್ಡನ್ನಿನ ಈ ಕೇರ್ ಹೋಮಿನ ಕಿಟಕಿಯಾಚೆ
ಹೊಗೆ ಮರೆತ ಗಿರಣಿಯ ಚಿಮಣಿ, ಕಾಲುವೆ, ಗುಡ್ಡ,
ಗುಡ್ಡದ ಮೇಲೆ ಕೂತೇ ಬಿಟ್ಟ ಮೋಡ.

ಏಳನೇ ಕೋಣೆಯ ಈನಿಡ್ ಹೋಲ್‌ರಾಯ್ಡ್
(ಬಹುವಚನ ಹಚ್ಚಲಾರೆ, ಅವಳ ಭಾಷೆಯಲ್ಲೇ ಅದಿಲ್ಲ)
ಮೂವತ್ತೊಂದು ವರ್ಷ ಗಿರಣಿಯಲ್ಲಿ ಬಟ್ಟೆಯ ಗಂಟು ಕಿತ್ತು
ತಪ್ಪಿದ ಎಳೆ ಸೇರಿಸಿದವಳು.
ಕಣ್ಣು ಹೋಗಿದೆ, ಬೆರಳು ಹೋಗಿಲ್ಲ:
ಹೊದಿಕೆಯ ಅಂಚು ಸವರಿ ಅನ್ನುತ್ತಾಳೆ,
"ಇಲ್ಲೊಂದು ಎಳೆ ಬಿಟ್ಟಿದ್ದಾರೆ, ನೋಡು."
ತಲೆದಿಂಬಿನ ಪಕ್ಕ ಬೆನ್ನು ಮುರಿದ ನಿಘಂಟು.
ನಿದ್ದೆ ಬಾರದ ಮೂರು ಗಂಟೆಗೆ
ನಾನು ಓದಬೇಕು, ಅವಳು ಕೇಳಬೇಕು.

ಡ್ರಿಯರಿ, ಓದುತ್ತೇನೆ. ಮೊದಲು ಅದರ ಅರ್ಥ
ನೆತ್ತರು ಹತ್ತಿದ್ದು. ಕತ್ತಿಯ ಅಲಗಿನ ಪದ.
ಈಗ ಅದು ಬಸ್ ನಿಲ್ದಾಣದ ಮಂಗಳವಾರ ಮಧ್ಯಾಹ್ನ.
"ರಕ್ತ ಒಣಗಿದರೆ ಕಂದೇ ಅಲ್ಲವೆ," ಎನ್ನುತ್ತಾಳೆ ಈನಿಡ್,
"ತೊಳೆದೂ ತೊಳೆದೂ ಬಣ್ಣ ಬಿಟ್ಟಿದೆ."

ಡಿಸ್ಮಲ್: ಪಂಚಾಂಗದಿಂದ ಇಳಿದು ಬಂದದ್ದು.
ತಿಂಗಳಿಗೆ ಎರಡು ಕೆಟ್ಟ ದಿನ, ಎಣಿಸಿ ಗುರುತು ಹಾಕಿದಂಥವು.
ನಮ್ಮ ರಾಹುಕಾಲದ ಹಾಗೆ, ಎಂದೆ.
ರಾಹುಕಾಲಕ್ಕೆ ಮುಗಿಯುವ ಹೊತ್ತಾದರೂ ಇದೆ;
ಇವರದು ಬೇಲಿ ಹಾರಿ ಮೂವತ್ತೂ ದಿನಕ್ಕೆ ಹಬ್ಬಿತು.

ಬ್ಲೀಕ್ ಒಂದು ಕಾಲಕ್ಕೆ ಬೆಳ್ಳಗೆ ಹೊಳೆಯುತ್ತಿತ್ತಂತೆ.
ಇಬ್ಬರೂ ನಂಬಲಿಲ್ಲ. ಪುಟ ತಿರುವಿದೆವು.

ಡ್ರ್ಯಾಬ್‌ಗೆ ಬಂದಾಗ ಅವಳೇ ತಡೆದಳು.
"ಅದು ಬಟ್ಟೆ. ಬಣ್ಣ ಕಾಣದ ಬಟ್ಟೆ.
ಬೇಸರ ಅದರಲ್ಲಿ ಎಲ್ಲಿತ್ತು?
ಉಟ್ಟವರು ತಂದು ಹಚ್ಚಿರಬೇಕು."
ನನಗೆ ಬನಹಟ್ಟಿಯ ನಮ್ಮ ಓಣಿ,
ಅಪ್ಪನ ಮಗ್ಗದಿಂದ ಇಳಿದ ಕೋರಾ ಥಾನು,
ಗಂಜಿಯ ವಾಸನೆ.
ಕೋರಾ ಅಂದರೆ ನಮಗೆ
ಇನ್ನೂ ಏನು ಬೇಕಾದರೂ ಆಗಬಹುದಾದದ್ದು.

ಡಲ್ ಅಂದರೆ ಮೊದಲು ದಡ್ಡ.
ಅದು ಹಡಗು ಹತ್ತಿ ನಮ್ಮೂರಿಗೂ ಬಂದು
ಅವ್ವನ ಬಾಯಲ್ಲಿ ಮೆತ್ತಗಾಗಿತ್ತು:
"ಯಾಕವಾ, ಇಷ್ಟ್ ಡಲ್ ಆಗೀದಿ? ಉಂಡೀ ಇಲ್ಲೊ?"

ಹೀಗೇ ಒಂದು ರಾತ್ರಿ ಸ್ಯಾಡ್ ಸಿಕ್ಕಿತು.
ಮೂಲದಲ್ಲಿ ಹೊಟ್ಟೆ ತುಂಬಿದವರ ಪದ.
ತುಂಬಿದ್ದು, ಸಾಕಾದದ್ದು,
ಆಮೇಲೆ ಭಾರವಾದದ್ದು, ಗಂಭೀರವಾದದ್ದು,
ಕೊನೆಗೆ ಈಗಿನದು.
"ಉಬ್ಬದ ಕೇಕಿಗೆ ನಮ್ಮಮ್ಮ ಸ್ಯಾಡ್ ಅನ್ನುತ್ತಿದ್ದಳು," ಈನಿಡ್ ನಕ್ಕಳು.
"ಒಲೆ ಕೈಕೊಟ್ಟ ದಿನ ಮನೆತುಂಬ ಸ್ಯಾಡ್ ಕೇಕು.
ನಾವು ಆರು ಮಕ್ಕಳು ಕುಣಿದಾಡುತ್ತಿದ್ದೆವು."

ಆ ರಾತ್ರಿ ಎರಡು ಬಟ್ಟಲು ಕಸ್ಟರ್ಡ್ ತಿಂದಿದ್ದಳು.
ಹೊಟ್ಟೆ ತಟ್ಟಿಕೊಂಡು, "ಸ್ಯಾಡ್ ಅಂತ ಬರಿ," ಎಂದಳು.
ಬರೆದೆ.

ಬೆಳಗಿನ ಪಾಳಿಗೆ ಗಾಬರಿ. ಡಾಕ್ಟರಿಗೆ ಫೋನು.
ಗುಳಿಗೆ ಅರ್ಧವೋ ಒಂದೋ ಎಂಬ ಮಾತು.
ಬೂಟು ಬಿಚ್ಚುತ್ತಿದ್ದವಳನ್ನು ಮರಳಿ ಕರೆಸಿದರು:
"ಏನಾಯಿತು ಅವರಿಗೆ? ಯಾವಾಗಿನಿಂದ?"
ಸಾವಿರ ವರ್ಷದಿಂದ, ಎನ್ನುವಂತಿರಲಿಲ್ಲ.
ಅಡ್ಡಗೆರೆ ಎಳೆದು, ಓಕೆ ಎಂದು ಬರೆದು, ಸಹಿ ಹಾಕಿದೆ.

ಕಾಲುವೆ ದಂಡೆಯಲ್ಲಿ ಮತ್ತೆ ಮನೆಗೆ ನಡೆಯುವಾಗ ಹೊಳೆಯಿತು:
ಅಳು ಬಂದಾಗ ಖಾಲಿಯಾಯಿತು ಎಂದು
ನಾವು ಯಾವತ್ತೂ ಅಂದಿಲ್ಲ.
ಗಂಟಲು ತುಂಬಿ ಬಂತು, ಅನ್ನುತ್ತೇವೆ.
ಕಣ್ಣು ತುಂಬಿ ಬಂತು.
ಏನು ತುಂಬಿತು ಎಂದು ಯಾರೂ ಕೇಳುವುದಿಲ್ಲ.

ಇವತ್ತು ಮೂರು ಗಂಟೆಗೆ ಇದನ್ನು ಈನಿಡ್‌ಗೆ ಹೇಳಬೇಕು.
ಬೆರಳಲ್ಲಿ ಸವರಿ ನೋಡುತ್ತಾಳೆ ಅವಳು,
ಎಲ್ಲಾದರೂ ಎಳೆ ಬಿಟ್ಟಿದೆಯೇ ಎಂದು.